ಚಿಕ್ಕ ವಿ

ಭವಂತಿ ಸ್ಟ್ರೀಟಿನ ಮಾಳಿಗೆಯಲ್ಲಿ
ವಾಮನ ಬಾಳಿಗರ ಪ್ರೆಸ್ಸು. ಮೆಟ್ಟಿಲು ಹದಿನೇಳು, ಹಿಡಿಯಲು ಹಗ್ಗ.
ಹೊಸ ಮಿಷನ್ನು ಬಂದಿದೆ, ಅದಕ್ಕೆ ವಿಂಡೋಸ್ ಒಂದೇ ಗೊತ್ತು.
ಹಳೆಯದರ ಹೊಟ್ಟೆಯಲ್ಲಿ ಲಿನಕ್ಸು:
ವೈರಸ್ಸು ಬಂದು ಎಲ್ಲ ತಿಂದು ಹೋದ ವರ್ಷ
ತಂಗಿಯ ಅಳಿಯ ಹಾಕಿಕೊಟ್ಟದ್ದಂತೆ, ಪುಕ್ಕಟೆ.
ಹದಿನೆಂಟು ವರ್ಷವಾಯಿತು.

"ಸಾಮಾನು ಈ ಮನೆಯಿಂದ ಆ ಮನೆಗೆ, ಅಷ್ಟೇ ಅಲ್ವಾ?
ಮಧ್ಯಾಹ್ನದೊಳಗೆ ಮುಗೀತದಾ?"
ಮುಗೀತದೆ ಅಂದೆ. ಗಂಟೆಗೆ ಇನ್ನೂರೈವತ್ತು ಅಂತಲೂ ಅಂದೆ.

ನಡುವೆ ಒಂದು ಡಿಸ್ಕು ಇಟ್ಟೆ,
ಬಂದರಿನ ದಲ್ಲಾಳಿಯಂಥದ್ದು:
ಎರಡೂ ಕಡೆಗೆ ಅರ್ಥವಾಗುವಷ್ಟೇ ಆಡುವುದು,
ಉಳಿದದ್ದು ನುಂಗುವುದು.
ಯಾರು ತೆರೆಯಬಹುದು, ಯಾರು ತಿದ್ದಬಾರದು,
ಆ ಲೆಕ್ಕವೆಲ್ಲ ಅದರ ಬಾಯಲ್ಲೇ ಕರಗಿತು.
ಹೋಗಲಿ, ಇಲ್ಲಿ ಯಾರಿಗೆ ಯಾರು ಬೀಗ ಹಾಕಿದ್ದರು?

ಮೊದಲ ತಕರಾರು ಮುಹೂರ್ತಗಳದ್ದು.
೧೧:೪೫ರ ಅಭಿಜಿನ್ ಲಗ್ನವನ್ನು ಒಳಗೆ ಬಿಡಲಿಲ್ಲ.
ಗಂಟೆ ನಿಮಿಷದ ನಡುವಿನ ಎರಡು ಚುಕ್ಕಿ
ಆ ಕಡೆ ನಿಷಿದ್ಧ.
ಚುಕ್ಕಿ ಅಳಿಸಿ ಗೆರೆ ಎಳೆದೆ, ನೂರಾ ಎಂಬತ್ತಾರು ಲಗ್ನಕ್ಕೆ,
ಪುರೋಹಿತರಿಲ್ಲದೆ, ಒಂದೇ ಸಾಲಿನ ಆಜ್ಞೆಯಲ್ಲಿ.

ಆಮೇಲೆ ವಾರಿಜ.
"ಈ ಹೆಸರಿನ ಫೈಲು ಆಗಲೇ ಇದೆ. ಬದಲಿಸಲೇ?"
ಇದ್ದದ್ದು ದೊಡ್ಡ ವಿ, ಬಂದದ್ದು ಚಿಕ್ಕ ವಿ.
ಆಕಾರ ಒಂದೇ, ಎತ್ತರ ಬೇರೆ.
ಹಳೆಯ ಮನೆಯಲ್ಲಿ ಇಬ್ಬರು, ಹೊಸ ಮನೆಯ ಕಣ್ಣಿಗೆ ಒಬ್ಬಳೇ.
ನಮ್ಮ ಲಿಪಿಯಲ್ಲಿ ಈ ರಗಳೆಯೇ ಇಲ್ಲ,
ವ ಅಂದರೆ ವ, ಅರಸನಿಗೂ ಆಳಿಗೂ.

ಬೇಡ ಅಂತ ಒತ್ತಿದೆ. ಮತ್ತೆ ಕೇಳಿತು.
ಸಂಜೀವ. ಗುಲಾಬಿ. ಸಿಸಿಲಿಯಾ.
ಬೇಡ, ಬೇಡ, ಬೇಡ.
ನಿಲ್ಲಿಸಿ ಪಟ್ಟಿ ತೆಗೆದೆ: ಇಪ್ಪತ್ತಮೂರು ಜೊತೆ.
ದೊಡ್ಡಕ್ಷರದಲ್ಲೆಲ್ಲ ಮದುವೆ, ಚಿಕ್ಕಕ್ಷರದಲ್ಲೆಲ್ಲ ಸಾವು.
ಹೆಚ್ಚಿನವು ಬರೀ ಹೆಸರಿನ ಹೊಂದಿಕೆ:
ಮದುಮಗ ಸಂಜೀವ ಉಳ್ಳಾಲದವ,
ತೀರಿದ ಸಂಜೀವ ಬಜಪೆಯವರು, ತೊಂಬತ್ತೊಂದು.
ವಾರಿಜ ಮಾತ್ರ ಒಬ್ಬಳೇ.
ಉತ್ತರಕ್ರಿಯೆ ಕಾವೂರಿನಲ್ಲಿ, ಊಟ ಹನ್ನೆರಡೂವರೆಗೆ,
ಅಂಚೆಚೀಟಿಯಷ್ಟು ಫೋಟೋ,
ಮದುವೆಯದ್ದರಿಂದಲೇ ಕತ್ತರಿಸಿದ್ದು. ಅಂಚಿನಲ್ಲಿ ಯಾರದೋ ಭುಜ.

"ಟೈಪು ಮಾಡ್ತಿದ್ದದ್ದು ಯಾರು?"
"ಹಿಲ್ಡಾ ಬಾಯಿ. ಈಗ ಕುಲಶೇಖರದಲ್ಲಿ, ಮೊಣಕಾಲು ನೋವು."
ಕುಕ್ಕರಿನ ಸೀಟಿ ಮುಗಿಯುವವರೆಗೆ ಕಾದು ಹೇಳಿದರು:
"ಮದುವೆಗೆ ಶಿಫ್ಟ್ ಒತ್ತುವುದು ಮಗಾ,
ಬೊಜ್ಜಕ್ಕೆ ಒತ್ತುವುದಿಲ್ಲ.
ಹುಡುಕ್ಲಿಕ್ಕೆ ಸುಲಭ ಆಗ್ಲಿ ಅಂತ, ಬೇರೆ ಎಂತ ಇಲ್ಲ."
ಬೇರೆ ಎಂತ ಇಲ್ಲ ಅಂದ ಮೇಲೂ ಫೋನು ಇಡಲಿಲ್ಲ.
"ಅವಳ ಹೆಸರಿಗೆ ನಾನೊಂದು ದೀರ್ಘ ಕೊಟ್ಟಿದ್ದೆ.
ಪ್ರೂಫ್ ನೋಡ್ಲಿಕ್ಕೆ ಬಂದು ತೆಗೆಸಿದಳು.
ಎರಡನೇ ಸಲ ನಾನೇ ನೆನಪಿಟ್ಟು ಬಿಟ್ಟೆ."

ಎರಡನ್ನೂ ಉಳಿಸು, ಅನ್ನುತ್ತದೆ ಪರದೆ.
ಉಳಿಸಿದರೆ ಸತ್ತವಳ ಪಕ್ಕ ಕಂಸದೊಳಗೆ ಎರಡು ಬೀಳುತ್ತದೆ,
ಎರಡನೇ ಸಂಬಂಧದವಳ ಹಾಗೆ. ಹಿಡಿಸಲಿಲ್ಲ.
ಚಿಕ್ಕಕ್ಷರದವರ ಬೆನ್ನಿಗೆಲ್ಲ ಒಂದು ಬಿ ಸೇರಿಸಿದೆ,
ಬೊಜ್ಜದ ಬಿ.
ಮುಂದೆ ಬರುವವರು ಬ್ಯಾಕಪ್ಪಿನ ಬಿ ಅಂದುಕೊಳ್ಳಲಿ.

ತಾರೀಖು ಉಳಿಸುವ ಆಯ್ಕೆ ಮೊದಲ ಸಲ ಮರೆತಿದ್ದೆ.
ಎಲ್ಲರೂ ಮದುವೆಯಾಗಿದ್ದರು, ಎಲ್ಲರೂ ತೀರಿದ್ದರು,
ಈ ಮಂಗಳವಾರ, ಮೂರು ಹತ್ತಕ್ಕೆ.
ಅಳಿಸಿ ಮತ್ತೆ ಸಾಗಿಸಿದೆ. ಆ ಗಂಟೆಗೆ ದುಡ್ಡು ಹಿಡಿಯಲಿಲ್ಲ.

ಸಂಜೆ ಬಾಳಿಗರು ಕನ್ನಡಕ ಏರಿಸಿ
ತಮ್ಮ ಹೆಸರು ಹುಡುಕಿದರು. ನಲವತ್ತಕ್ಕೆ ಮದುವೆಯಾದವರು,
ಕಾರ್ಡು ತಾವೇ ಹೊಡೆದದ್ದು.
ದೊಡ್ಡ ವಿ, ಒಂದೇ.
"ಜಾಗ ಎಷ್ಟು ಉಂಟು ಇದರಲ್ಲಿ?"
ಬೇಕಾದಷ್ಟು ಅಂದೆ.
"ಬೇಕಾದಷ್ಟು," ಅಂದರು ಅವರೂ,
ನೂರು ರೂಪಾಯಿ ಕಡಿಮೆ ಎಣಿಸುತ್ತ.

ಒಂದು ತಿಂಗಳು ಹಳೆಯದನ್ನು ಮುಟ್ಟಬೇಡಿ ಅಂತ ಹೇಳಿ
ಹಗ್ಗ ಹಿಡಿದು ಇಳಿದೆ.