೪೧೧೭

ಕಾಯಾನಿ ದಾಟಿ ಉತ್ತರಕ್ಕೆ, ಶಾಲೆಯ ಹಿಂದೆ
ಹಿಮ ಬಾಚಿದ ಜಾಗದಲ್ಲಿ ಬಸ್ಸು ನಿಲ್ಲುತ್ತದೆ.
ಒಳಗೆ ಹೆಲ್ವಿ. ಬಂದವರಿಗೆಲ್ಲ ಅದೇ ಮಾತು:
ಟೋಪಿ ತೆಗೀರಿ, ಓಲೆ ಬಿಚ್ಚಿ, ಗದ್ದ ಇಲ್ಲಿಡಿ,
ಈ ಕಡ್ಡಿ ಕಚ್ಚಿ, ನಾಲಿಗೆ ಅಂಗಳಕ್ಕೆ ಒತ್ತಿ,
ಅಲುಗಬೇಡಿ.
ಕಚ್ಚಲು ಹಲ್ಲಿಲ್ಲದವರಿಗೆ ಹತ್ತಿಯ ಸುರುಳಿ.
ಯಂತ್ರ ತಲೆಗೆ ಅರ್ಧ ಪ್ರದಕ್ಷಿಣೆ ಬರುತ್ತದೆ,
ಹದಿನೆಂಟು ಸೆಕೆಂಡು.

ನನ್ನ ಪಾಲಿಗೆ ಬರುವುದು ಅವರಲ್ಲ, ದವಡೆಗಳು.
ಔಲುವಿನ ನೆಲಮಾಳಿಗೆಯಲ್ಲಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರೆ
ಕಿವಿಯಿಂದ ಕಿವಿಗೆ ಬಿಚ್ಚಿ ಹಾಸಿದ ಮುಖ
ಯಾರೂ ಕೇಳದೆ ಹಲ್ಲು ಕಿರಿಯುತ್ತದೆ.
ಹುಳುಕು ಕಪ್ಪು. ತುಂಬಿಸಿದ ಲೋಹ ಬಿಳಿ.
ಮೂಳೆ ಇಳಿದು ಬೇರುಗಳು ನಿಂತಿವೆ,
ನೀರು ಬಸಿದ ಕೆರೆಯಲ್ಲಿ ದೋಣಿಕಟ್ಟೆಯ ಗೂಟಗಳ ಹಾಗೆ.
ಯಾರೋ ಬಿಚ್ಚಲು ಮರೆತ ಓಲೆ
ಎದುರು ಕೆನ್ನೆಯ ಮೇಲೆ ಮಸುಕಾಗಿ ಇನ್ನೊಮ್ಮೆ ಮೂಡಿದೆ.

ಆಚೆ ಮೇಜಿನಲ್ಲಿ ಉರ್ಹೊ, ಅದೇ ಚಿತ್ರಗಳನ್ನು
ನಾನು ಬರೆದದ್ದು ನೋಡದೆ ಓದುತ್ತಾನೆ.
ವಾರಕ್ಕೊಮ್ಮೆ ಇಬ್ಬರದನ್ನೂ ತಾಳೆ ಹಾಕಬೇಕು.
ನೂರಕ್ಕೆ ಎಂಬತ್ತಾರು ಸಲ ಒಮ್ಮತ.
ಗಂಡಹೆಂಡಿರಲ್ಲೂ ಇಷ್ಟಿರುವುದಿಲ್ಲ, ಅನ್ನುತ್ತಾನೆ.

೪೧೧೭. ಹೆಂಗಸು, ಎಪ್ಪತ್ತೊಂದು, ಬೊಚ್ಚುಬಾಯಿ.
ಮೂವತ್ತೆರಡು ಚೌಕಕ್ಕೂ ಸೇರಿಸಿ ಒಂದೇ ಗೀಟು ಎಳೆಯಬಹುದಿತ್ತು.
ಚೀಟಿಯಲ್ಲಿ ಹೆಲ್ವಿಯ ಅಕ್ಷರ:
ಹತ್ತೊಂಬತ್ತಕ್ಕೆ ಮದುವೆ. ಹಿಂದಿನ ತಿಂಗಳೇ ಎಲ್ಲ ಕೀಳಿಸಿದರು. ಅಪ್ಪನ ಉಡುಗೊರೆ.

ಹಾಗೂ ಒಂದು ಕಾಲವಿತ್ತು.
ಮುಂದೆ ಅಳಿಯನಿಗೆ ಖರ್ಚಾಗದಿರಲೆಂದು.
ಗುಲಾಬಿ ಒಸಡಿನ ಕಟ್ಟುಹಲ್ಲು ತೊಟ್ಟು
ಮದುಮಗಳು ಫೋಟೊಗೆ ತುಟಿ ಬಿಗಿದು ನಿಂತಳು.
ಯುದ್ಧದಲ್ಲಿ ಹಲ್ಲಿತ್ತು, ರೊಟ್ಟಿಗೆ ಮರದ ತೊಗಟೆ ಬೆರೆತಿತ್ತು.
ಒಳ್ಳೆಯ ರೈ ಹಿಟ್ಟು ಬರುವ ಹೊತ್ತಿಗೆ
ಕಾಫಿಯಲ್ಲಿ ಅದ್ದಿ ತಿನ್ನುವುದಾಯಿತು.

ಆದರೆ ಕೆಳದವಡೆಯ ಎಡ ಮೂಲೆಯಲ್ಲಿ,
ಮೂಳೆಯ ಒಳಗೆ,
ಒಂದು ಹಲ್ಲು ಅಡ್ಡ ಮಲಗಿದೆ.
ಎಲ್ಲೂ ಸವೆದಿಲ್ಲ. ಒಂದು ಕಾಳನ್ನೂ ಅಗಿದಿಲ್ಲ.

ಉರ್ಹೊ ಸೊನ್ನೆ ಬರೆದ. ನಾನು ಒಂದು.
ಕೈಪಿಡಿಯ ಹದಿನಾಲ್ಕನೇ ಪುಟ ಅವನ ಕಡೆಗಿದೆ:
ಹೊರಬರದ ಹಲ್ಲು ಲೆಕ್ಕಕ್ಕಿಲ್ಲ.
ವರದಿಯಲ್ಲಿ ಬರಲಿರುವುದು ಇಡೀ ಪೂರ್ವ ಸೀಮೆಯ ಮುದುಕಿಯರು,
ಒಂದು ಬೂದು ಕಂಬ,
ಇವಳು ಅದರಲ್ಲಿ ಕೂದಲೆಳೆಯಷ್ಟು ಎತ್ತರ.
ಸರಿ, ರಬ್ಬರು ತೆಗೆದುಕೊಂಡೆ.
ಒಂದು ಪೂರ್ತಿ ಅಳಿಯಲಿಲ್ಲ, ಸೊನ್ನೆಯ ನಡುವೆ
ಕಡ್ಡಿಯ ಹಾಗೆ ಉಳಿಯಿತು.

ವಾಡಿಕೆಯಂತೆ ಅವಳಿಗೂ ಪತ್ರ ಹೋಯಿತು.
ಹೆಲ್ವಿ ಮೊನ್ನೆ ಫೋನಿನಲ್ಲಿ ಹೇಳಿದಳು:
ಮುದುಕಿ ಬಸ್ಸಿನ ತನಕ ಕಾಗದ ಹಿಡಿದು ಬಂದಿದ್ದಳಂತೆ.
ಇದನ್ನೂ ಕೀಳಬೇಕಾ?
ಬೇಡ ಅಜ್ಜಿ, ನೋವಿಲ್ಲದಿದ್ದರೆ ಇರಲಿ ಬಿಡಿ.
ಅದಕ್ಕವಳು, ಕಟ್ಟುಹಲ್ಲು ಜಾರುವಷ್ಟು ನಕ್ಕು:
ಆ ಡಾಕ್ಟರು ಮೂವತ್ತೆರಡಕ್ಕೂ ದುಡ್ಡು ಎಣಿಸಿಕೊಂಡಿದ್ದ ಕಣೇ,
ಅಪ್ಪ ಹಸು ಮಾರಿದ್ದು ಅದಕ್ಕೇ.