ಆಟೋ ಬೇಡ

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನ ತೂಕದ ಕೋಣೆಯಲ್ಲಿ
ಇವತ್ತು ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು.
ನಿನ್ನೆವರೆಗೆ ಹಾಗಿರಲಿಲ್ಲ.
ರಾತ್ರಿ ಕರೆಂಟು ಹೋಯಿತು, ಬೋರ್ಡಿನ ಬಿಲ್ಲೆ ಬ್ಯಾಟರಿಯೂ
ಅದರ ಹಿಂದೆಯೇ ಹೋಯಿತು.
ಬೆಳಿಗ್ಗೆ ಎದ್ದ ಯಂತ್ರಕ್ಕೆ ಏನೂ ನೆನಪಿಲ್ಲ:
ಡಿಸ್ಕ್ ಇದ್ದೂ ಇಲ್ಲ. ತೂಕ ಬಂದೂ ಬರುವುದಿಲ್ಲ.

ಗೇಟಿನಾಚೆ ಆರು ಲಾರಿ, ಒಂದು ಪಿಕಪ್ಪು,
ರೋಬಸ್ಟಾ ಚೆರ್ರಿಯ ಚೀಲಗಳ ಮೇಲೆ ನಿದ್ದೆಹೋದ ಹುಡುಗ.
ಮುತ್ತಕ್ಕಿ ಎಲ್ಲಿಂದಲೋ ಕಾರ್ಬನ್ ಪೇಪರ್ ಹುಡುಕಿ ತೆಗೆದು
ಕೈಯಲ್ಲೇ ಬಿಲ್ ಬರೆಯುತ್ತಿದ್ದಾಳೆ,
ಒಂದೊಂದು ಸೊನ್ನೆ ಸುತ್ತಿದಾಗಲೂ ತಲೆಯೆತ್ತಿ,
"ಸುಹರಾ, ಇನ್ನೆಷ್ಟೊತ್ತು?"

ಹೊಸ ಬ್ಯಾಟರಿ ವಾಚಿನಂಗಡಿಯದು, ಮೂವತ್ತು ರೂಪಾಯಿ.
ಒತ್ತಿ ಕೂರಿಸಿ, ಡಿಲೀಟ್ ಕೀಲಿಯ ಮೇಲೆ ಬೆರಳಿಟ್ಟು ಕಾದೆ.
ಒಂದು ಬೀಪ್. ನೀಲಿ ಪರದೆ, ಹಳದಿ ಅಕ್ಷರ.
ಇಲ್ಲಿ ಮೌಸಿಗೆ ಪ್ರವೇಶವಿಲ್ಲ. ಬಾಣದ ಕೀಲಿ ಹಿಡಿದು
ಕತ್ತಲಲ್ಲಿ ಗೋಡೆ ತಡವಿದ ಹಾಗೆ
ಒಂದೊಂದೇ ಸಾಲು ಇಳಿಯಬೇಕು.

"ಲೆಗಸಿ ಅಂತಿದೆಯಲ್ಲ, ಏನದು?" ಮುತ್ತಕ್ಕಿ, ಬೆನ್ನ ಹಿಂದೆ.
ಹಳೇ ಕಾಲದ ಪೋರ್ಟುಗಳು, ಅಂದೆ. ಈಗ ಹೊಸದಾಗಿ ಯಾರೂ ಇಡುವುದಿಲ್ಲ,
ಇದ್ದದ್ದನ್ನು ತೆಗೆಯುವ ಹಾಗೂ ಇಲ್ಲ.
"ಜಮ್ಮಾ ಅನ್ನು ಮತ್ತೆ!
ಪಟ್ಟೇದಾರ ಒಬ್ಬ, ಹೆಸರು ನೂರಾರು, ಮಾರುವ ಹಾಗಿಲ್ಲ ಯಾರೂ."
ನಗು ಬಂತು. ತಪ್ಪೇನಿಲ್ಲ ಅವಳದು.
ಮೂರು ಎಫ್ ಎಂಟು ಅನ್ನುವುದೂ ಒಂದು ಮನೆಹೆಸರೇ:
ಮನೆ ಬಿದ್ದು ಅಂಗಳಕ್ಕೆ ಮೆಣಸಿನ ಬಳ್ಳಿ ಹಬ್ಬಿದರೂ
ಹುಟ್ಟಿದ ಕೂಸಿನ ಹೆಸರಿಗೆ ಮುಂದೆ ನಿಲ್ಲುತ್ತದೆ.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಒರಗಿಸಿಟ್ಟಿದ್ದೆ.
ಅದರ ಒಳಮೈಗೆ ಅಂಟಿಸಿದ ಸಿಗರೇಟು ಪ್ಯಾಕಿನ ಬಿಳಿ,
ಪೆನ್ಸಿಲಿನಲ್ಲಿ, ಬಲಕ್ಕೆ ವಾಲಿದ ಅಕ್ಷರ:

ಕಾಮ್ ಒಂದು: ಮೂರು ಎಫ್ ಎಂಟು, ಅಡ್ಡಕರೆ ನಾಲ್ಕು.
ಪ್ರಿಂಟರ್: ಮೂರು ಏಳು ಎಂಟು, ಅಡ್ಡಕರೆ ಏಳು.
ಡಿಸ್ಕ್: ಐಡಿಇ, ಬೇರೇನೂ ಮುಟ್ಟಬೇಡ.
ಆಟೋ ಬೇಡ. ಎಲ್ಲಿಯೂ ಆಟೋ ಬೇಡ.

ಹೆಸರಿಲ್ಲ. ಬೇಕಾಗಿಯೂ ಇಲ್ಲ.
ಐಆರ್‌ಕ್ಯೂವನ್ನು ಅಡ್ಡಕರೆ ಅಂತ ಬರೆಯುವವನು
ಈ ಜಿಲ್ಲೆಯಲ್ಲಿ ಬಿದ್ದಪ್ಪ ಒಬ್ಬನೇ.

ಸಿದ್ದಾಪುರದ ಬಸ್‌ಸ್ಟ್ಯಾಂಡ್ ಎದುರು ಹನ್ನೊಂದು ವರ್ಷ
ಒಂದೇ ಅಂಗಡಿ, ಇಬ್ಬರಿಗೂ ಒಂದೇ ಬೆಸುಗೆ ಕಡ್ಡಿ.
ಕಾಮ್ ಒಂದು, ಕಾಮ್ ಮೂರು: ವಿಳಾಸ ಬೇರೆ, ಅಡ್ಡಕರೆ ಒಂದೇ.
ಇಬ್ಬರೂ ಒಮ್ಮೆಗೇ ಕೂಗಿದರೆ
ಪ್ರೊಸೆಸರ್ ಯಾರ ಕಡೆಗೂ ತಿರುಗುವುದಿಲ್ಲ.
ಜಗಳವೇನು ದೊಡ್ಡದೇ? ಒಂದು ಮಾನಿಟರಿನ ದುಡ್ಡು.
ಅವನು ವಿರಾಜಪೇಟೆಗೆ ಹೋದ.
ನಾನು ನಾಮಫಲಕದಲ್ಲಿ ಅವನ ಹೆಸರಿನ ಮೇಲೆ ಪೇಂಟ್ ಹೊಡೆದೆ.
ಪೇಂಟು ಹಕ್ಕಳೆಯೆದ್ದು ಈಗ ಅರ್ಧ ಹೆಸರು ಕಾಣುತ್ತದೆ:
ಬಿದ್ದ.

ಅವನ ಮಾತು ನಾನ್ಯಾಕೆ ಕೇಳಬೇಕು ಅಂತ
ಮೊದಲು ಆಟೋ ಇಟ್ಟೇ ನೋಡಿದೆ, ಸುಳ್ಳೇಕೆ.
ತೂಕದ ಕಿಂಡಿಯ ತುಂಬ ಪ್ರಶ್ನೆ ಚಿಹ್ನೆಗಳು.
ಮತ್ತೆ ಡಿಲೀಟ್, ಮತ್ತೆ ನೀಲಿ,
ಚೀಟಿ ಹೇಳಿದ ಹಾಗೆ, ಬಾಯಿಬಿಟ್ಟು ಓದಿಕೊಳ್ಳುತ್ತ:
ಮೂರು ಎಫ್ ಎಂಟು. ನಾಲ್ಕು. ಮೂರು ಏಳು ಎಂಟು. ಏಳು.
ಯಾರೂ ಬಳಸದ ಎರಡನೇ ಪೋರ್ಟನ್ನು ಮುಚ್ಚಿದೆ.
ಇಸವಿ ತಿದ್ದಿದೆ. ಇಪ್ಪತ್ತು ಚಿಲ್ಲರೆ ವರ್ಷ
ಬಾಣದ ಕೀಲಿಯಡಿ ಟಕಟಕ ದಾಟಿದವು,
ಜೊತೆಗಿದ್ದವೂ, ಇಲ್ಲದವೂ, ಒಂದೇ ವೇಗ.

ಎಫ್ ಹತ್ತು. ವೈ.

ಪ್ರಿಂಟರ್ ಕಿರ್ರೆಂದು ತಲೆ ಆಡಿಸಿತು.
ಮೊದಲ ಲಾರಿ ಹತ್ತಿ ತೂಕದ ಹಲಗೆ ನರಳಿತು.
ಪರದೆಯ ಮೇಲೆ ಏಳು ಸಾವಿರದ ಮುನ್ನೂರ ನಲವತ್ತು.
ಹುಡುಗನನ್ನು ಎಬ್ಬಿಸಿ ಇಳಿಸಿದ ಮೇಲೆ
ಏಳು ಸಾವಿರದ ಮುನ್ನೂರು.

ತಗಡು ಮುಚ್ಚುವ ಮುಂಚೆ ಚೀಟಿಯ ಕೆಳಗೆ ಗೀಚಿದೆ:
ಬ್ಯಾಟರಿ ಬದಲಿಸಿದೆ, ಹದಿನೇಳನೇ ತಾರೀಕು.
ನಾನೂ ಹೆಸರು ಹಾಕಲಿಲ್ಲ.
ಏಳರ ಸೊಂಟಕ್ಕೆ ಅಡ್ಡಗೆರೆ ಎಳೆಯುವವಳು ಯಾರೆಂದು
ಅವನಿಗೆ ಗೊತ್ತು.

ಹೊರಗೆ ಎರಡನೇ ಲಾರಿಯ ಹಾರ್ನ್.