ಅರ್ಧ ಇಳಿದದ್ದು

ಸಿಂದಗಿ. ಬಸ್‌ಸ್ಟ್ಯಾಂಡಿನ ಹಿಂದ ನನ್ನ ಝೆರಾಕ್ಸ್ ಅಂಗಡಿ.
ಹೊಸ ಪ್ರಿಂಟರ್ ಬಂದು ಮೂರು ದಿನ,
ಥರ್ಮಾಕೋಲು ಇನ್ನೂ ಕಾಲಿಗೆ ಅಂಟತದ,
ಸಾಫ್ಟ್‌ವೇರ್ ಮಾತ್ರ ಕೂಡವಲ್ಲದು.
ಹಸಿರು ಗೆರಿ ತೆವಳಕೋಂತ ಅರವತ್ತೊಂದಕ್ಕ ಬರತದ,
ಅಲ್ಲೇ ನಿಂದರತದ,
ಫೈಲ್ ಕೆಟ್ಟದ, ಮತ್ತೊಮ್ಮೆ ಪ್ರಯತ್ನಿಸಿ ಅಂತದ.

ಪ್ರಯತ್ನಿಸಿದಿವಿ.
ಮಲಕಾರಿ ನೆಟ್ ಬದಲಿಸಿದ, ವಾಯರ್ ಕಿತ್ತು ಊದಿ ಹಾಕಿದ,
ಮಶಿನ್ ಆರಿಸಿ, ಒಂದು ಚಹಾ ಕುಡಿದು ಬಂದು ಹಚ್ಚಿದ.
ಅರವತ್ತೊಂದು.
ರೇಷನ್ ಕಾರ್ಡ್ ಹಿಡಕೊಂಡು ನಿಂತ ಲಾಲಸಾಬ ನದಾಫರು
ಲಿಂಬಿಹಣ್ಣು ನಿವಾಳಿಸ್ರಿ ಅಂದರು.
ಅವರ ಕೈಚೀಲದಾಗ ಲಿಂಬಿಹಣ್ಣು ಇದ್ದವೂ ಕೂಡ.

ಸಂಜಿಮುಂದ ಮಲಕಾರಿ
ಯಾವುದೋ ಫೋಲ್ಡರಿನೊಳಗಿನ ಫೋಲ್ಡರ್ ತೆಗೆದು ತೋರಿಸಿದ.
"ಅಕ್ಕಾರ, ಇನ್ನೂರಾ ಹದಿನಾಲ್ಕು ಎಂಬಿ ಇರಬೇಕಾದದ್ದು
ನೂರಾ ಮೂವತ್ತೊಂದಕ್ಕ ನಿಂತದ.
ಮೊದಲನೇ ದಿನ ಕರೆಂಟ್ ಹೋತಲ್ಲ, ಆವಾಗ ಅರ್ಧ ಇಳಿದದ್ದು.
ಮಶಿನ್ ಬರೇ ಹೆಸರು ನೋಡತದ,
ಬಂದದ ಅಂತ ತಿಳೀತದ, ಮತ್ತ ಕೇಳೂದೇ ಇಲ್ಲ.
ನಾವು ಸಾವಿರ ಸಲ ಒತ್ತಿದರೂ
ಆ ಹಳಸಿದ್ದನ್ನೇ ತೆಗೆದು ಬಡಿಸತದ.
ಕ್ಯಾಶ್ ಖಾಲಿ ಮಾಡಬೇಕು."

ಮುಂಜಾನಿಂದ ನಲವತ್ತು ರೂಪಾಯಿ ಆಗಿಲ್ಲ,
ಏನು ಖಾಲಿ ಮಾಡತಿ ಅಂದೆ.
ನಕ್ಕ. ಆ ಕ್ಯಾಶ್ ಅಲ್ಲ ಅಕ್ಕಾರ,
ಅದು ತನ್ನ ಹಂತೇಕ ಕೂಡಿಟ್ಟುಕೊಂಡದ್ದು.

ಅಳಿಸಿದ.
ಸಪ್ಪಳ ಆಗತದ ಅಂದುಕೊಂಡಿದ್ದೆ. ಆಗಲಿಲ್ಲ.

ಸೊನ್ನಿಯಿಂದ ಹೊರಟಿತು ಗೆರಿ.
ನಮ್ಮ ನೆಟ್ ನಿಮಗ ಗೊತ್ತಿರೂದೇ.
ಕುಂತಲ್ಲೇ ಕೈ ಫೋನಿನ ಮ್ಯಾಲ ಹೋತು.

ಆರು ವರ್ಷದ ಹಿಂದ, ಮಾಮಾನ್ನ ದವಾಖಾನಿಗೆ ಒಯ್ದ ರಾತ್ರಿ,
ತಿಕೋಟಾದಿಂದ ಅಕ್ಕ ನೀಲಗಂಗಾ ಮಾಡಿದ ಕರೆ.
"ನೀ ಬರಬ್ಯಾಡ" ಅಂದಳು.
ಲೈನ್ ಹೋತು.

ದನಿ ಆಕಿದೇ ಇತ್ತು. ಇಡೀ ಮಾತು ಅಂತ ಎತ್ತಿಟ್ಟೆ.
ಆಮ್ಯಾಲ ಆಕಿ ಎಷ್ಟು ಸಲ ಮಾಡಿದರೂ
ಫೋನ್ ಹಂಗೇ ಬಡಕೊಂಡು ಸುಮ್ಮನಾಗೂದು.
ಮಗಳ ಮದುವಿ ಕಾರ್ಡ್ ಬಂತು.
ಅದರಾಗೂ ನನಗ ಬರಬ್ಯಾಡ ಅಂತಲೇ ಕಂಡಿತು,
ಬಂಗಾರದ ಅಕ್ಷರದಾಗ, ಸಹಕುಟುಂಬ.

"ಯಾರು?"
ಹೆಸರು ಹೇಳಿದೆ.
ಆ ಕಡೆ ಟೀವಿ ಸಪ್ಪಳ ಸಣ್ಣದಾತು.
"ಆ ರಾತ್ರಿ ಬರಬ್ಯಾಡ ಅಂದಿ. ಮುಂದ ಏನಂದಿದ್ದಿ?"

"ಈಗ ಕೇಳತಿಯೇನ ಅದನ್ನ?
ನೆನಪಿಲ್ಲಬೇ.
ರಾತ್ರಿ ಬಸ್ಸಿಗೆ ಬರಬ್ಯಾಡ ಅಂದಿರಬೇಕು.
ಬರೂದೇ ಬ್ಯಾಡ ಅಂದಿದ್ದರೂ ಅಂದಿರಬೇಕು,
ಸಿಟ್ಟಿತ್ತು ನನಗ."

ನಾ ಏನೂ ಅನ್ನಲಿಲ್ಲ.

"ತಡಿ, ನಳಾ ಬಂದಾವ, ಒಂಬತ್ತು ದಿನಕ್ಕ.
ಇಡಬ್ಯಾಡ ಫೋನು.
ಕೇಳಸ್ತೇನ? ಇಡಬ್ಯಾಡ."

ಇಡಲಿಲ್ಲ.
ಹಳೇ ನೀರು ಅಂಗಳಕ್ಕ ಚೆಲ್ಲಿದ್ದು ಕೇಳಿತು,
ಕೊಡ ಗಲಬರಿಸಿದ್ದು,
ಬರಿದಾದ ತಳಕ್ಕ ಮೊದಲನೇ ಧಾರಿ ಬಡಿದದ್ದು.

ಮಲಕಾರಿ ಕೈಸನ್ನಿ ಮಾಡಿ ಪರದಿ ತೋರಿಸಿದ.
ಅರವತ್ತೆರಡು.